ಎಡಿಎಚ್‌ಡಿ ಜೊತೆ ಆತಂಕವೂ ಇರುವ ಮಗನಿಗೆ ಸ್ಕೂಲು ಹುಡುಕುತ್ತಿದ್ದೇವೆ. ಏನು ನೋಡಬೇಕು?

ಮೂರನೇ ಮಹಡಿ, ಬೆಂಗಳೂರು (ಫೆಬ್ರವರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಹೋದ ವರ್ಷ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಎಂದು ಗೊತ್ತಾಯಿತು. ಆತಂಕವೂ ಇದೆ, ಎರಡಕ್ಕೂ ಒಟ್ಟಿಗೇ ನೋಡಬೇಕು ಎಂದರು ಡಾಕ್ಟರ್. ಭಾನುವಾರ ಸಂಜೆ ಆರಕ್ಕೆ ಹೊಟ್ಟೆನೋವು ಶುರುವಾಗುತ್ತದೆ. ಸೋಮವಾರ ಶೂ ಹಾಕುವಾಗ ವಾಂತಿ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದ ತನಕ ಮಾತ್ರ ನಮ್ಮ ಹುಡುಗ ನಮ್ಮ ಹುಡುಗನ ಹಾಗೆ ಇರುತ್ತಾನೆ.

ಈಗಿನ ಸ್ಕೂಲಲ್ಲಿ ಒಂದು ಸೆಕ್ಷನ್‌ಗೆ 46 ಮಕ್ಕಳು. ದಿನಾ ಡೈರಿಯಲ್ಲಿ ಕೆಂಪು ಇಂಕು. ಮಿಸ್ ಹೊರಗೆ ಹೋದಾಗ ಮಾನಿಟರ್ ಬೋರ್ಡಿನ ಮೇಲೆ ಮಾತಾಡಿದವರ ಹೆಸರು ಬರೆಯುತ್ತಾನಲ್ಲ, ಇವನ ಹೆಸರನ್ನು ಬೆಳಿಗ್ಗೆಯೇ ಬರೆದಿಟ್ಟು ಆಮೇಲೆ ಗೀಟು ಮಾತ್ರ ಹಾಕುತ್ತಾರಂತೆ. ಇದನ್ನು ಅವನು ನಗುತ್ತಾ ಹೇಳಿದ. ರಾತ್ರಿ ನಿದ್ದೆಯಲ್ಲಿ ಅತ್ತ. ಹೋದ ವಾರ ಪ್ರಿನ್ಸಿಪಾಲ್ ಕರೆಸಿ, "ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀವಿ, ಬೇರೆ ಕಡೆ ನೋಡಿಕೊಳ್ಳಿ, ಟಿಸಿ ಕೊಡ್ತೀವಿ" ಎಂದರು.

ಎರಡು ಸ್ಕೂಲು ನೋಡಿ ಬಂದೆವು. ಒಂದರ ಗೇಟಿನಲ್ಲೇ "ಇನ್‌ಕ್ಲೂಸಿವ್ ಸ್ಕೂಲ್" ಎಂಬ ದೊಡ್ಡ ಬೋರ್ಡು. ಒಳಗೆ ಹೋದರೆ, ಶ್ಯಾಡೋ ಟೀಚರ್‌ (ಕ್ಲಾಸಲ್ಲಿ ಮಗುವಿನ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವವರು) ಅನ್ನು ನೀವೇ ಇಟ್ಟುಕೊಳ್ಳಬೇಕು, ಸಂಬಳವೂ ನೀವೇ ಕೊಡಬೇಕು ಎಂದರು. ಇನ್ನೊಂದು ಊರಾಚೆ, ಮರಗಳ ನಡುವೆ. ಬೆಲ್ ಇಲ್ಲ, ಟೈಂಟೇಬಲ್ ಇಲ್ಲ, ಮಕ್ಕಳು ಇಷ್ಟ ಬಂದದ್ದು ಮಾಡುತ್ತಾರೆ. ನನಗಂತೂ ಬಹಳ ಹಿಡಿಸಿತು. ಇವನು ಅರ್ಧ ಗಂಟೆ ಖುಷಿಯಾಗಿ ಓಡಿದ. ಆಮೇಲೆ ನನ್ನ ದುಪಟ್ಟಾ ಹಿಡಿದುಕೊಂಡು "ಈಗ ಏನು ಮಾಡಬೇಕು? ಆಮೇಲೆ ಏನು?" ಎಂದು ಕೇಳಿದ್ದು ಕೇಳಿದ್ದೇ. ವಾಪಸ್ ಬರುವಾಗ ಕಾರಲ್ಲಿ ಉಗುರು ಕಚ್ಚುತ್ತಾ ಕೂತಿದ್ದ.

ಎಂಥಾ ಸ್ಕೂಲು ಹುಡುಕಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ಹೇಳಿ.


ಹುಬ್ಬಳ್ಳಿ ಅಪ್ಪ

ಅಕ್ಕಾರ, ನಮ್ಮ ಮಗಳಿಗೆ 11 ವರ್ಷ. ಅವಳದು ಓಡುವ ಎಡಿಎಚ್‌ಡಿ ಅಲ್ಲ, ಕೂತಲ್ಲೇ ಕಳೆದುಹೋಗುವ ಎಡಿಎಚ್‌ಡಿ. ಗದ್ದಲ ಮಾಡದ ಹುಡುಗಿ ನೋಡ್ರಿ, ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕನೇ ಕ್ಲಾಸಿನ ತನಕ "ಸೋಂಬೇರಿ" ಅನ್ನಿಸಿಕೊಂಡಳು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿದ ಮೇಲೆ ಗೊತ್ತಾಯಿತು.

ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಎರಡನೇ ಸ್ಕೂಲಿಗೆ ಸೇರಿಸುವಾಗ ರಿಪೋರ್ಟ್ ಮುಚ್ಚಿಟ್ಟೆವು. ತೋರಿಸಿದರೆ ಸೀಟು ಕೊಡಲಿಕ್ಕಿಲ್ಲ ಎಂಬ ಹೆದರಿಕೆ. ಎರಡು ತಿಂಗಳಿಗೇ ಅವರಿಗೆ ಗೊತ್ತಾಯಿತು, ಆಮೇಲೆ ನಮ್ಮ ಯಾವ ಮಾತನ್ನೂ ನಂಬಲಿಲ್ಲ. ಮೂರನೇ ಸ್ಕೂಲಲ್ಲಿ ಫೈಲ್ ಮೊದಲೇ ಟೇಬಲ್ ಮೇಲೆ ಇಟ್ಟೆವು. ಎರಡು ಕಡೆ ಆಗಲ್ಲ ಎಂದರು, ಒಂದು ಕಡೆ ಹೂಂ ಎಂದರು. ನಮಗೆ ಬೇಕಿದ್ದದ್ದು ಒಂದೇ ಅಲ್ರಿ.


ಬಣ್ಣದ ಪೆನ್ಸಿಲ್, ಮೈಸೂರು

ನಾನು ಸ್ಪೆಷಲ್ ಎಜುಕೇಟರ್, 14 ವರ್ಷದಿಂದ ಇದೇ ಕೆಲಸ. ಮರಗಳ ನಡುವಿನ ಸ್ಕೂಲಲ್ಲಿ ನಿಮ್ಮ ಮಗ "ಆಮೇಲೆ ಏನು?" ಎಂದು ಕೇಳಿದ್ದನ್ನು ಎರಡು ಸಲ ಓದಿದೆ. ಎಂಥಾ ಸ್ಕೂಲು ಬೇಕು ಅಂತ ಅವನೇ ಹೇಳಿಬಿಟ್ಟಿದ್ದಾನಲ್ಲ!

ಎಡಿಎಚ್‌ಡಿಗೆ ಓಡಾಟ ಬೇಕು, ಹೊಸತು ಬೇಕು. ಕೂತ ಕಡೆ ಕೂರಿಸಿದರೆ ಅದು ಒದ್ದಾಡುತ್ತದೆ. ಆತಂಕಕ್ಕೆ ನಿನ್ನೆಯ ಹಾಗೇ ಇವತ್ತೂ ಇರಬೇಕು, ನಾಳೆ ಏನೆಂದು ಇವತ್ತೇ ಗೊತ್ತಿರಬೇಕು. ಎರಡೂ ಒಂದೇ ಮಗುವಿನಲ್ಲಿ ಇದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಪೂರ್ತಿ ಬಿಟ್ಟಿರುವ ಸ್ಕೂಲಲ್ಲಿ ಕಾಲಿಗೆ ಸುಖ, ಮನಸ್ಸಿಗೆ ಗಾಬರಿ. ಬಿಗಿ ಶಿಸ್ತಿನ ಸ್ಕೂಲಲ್ಲಿ ಎಲ್ಲಾ ಮೊದಲೇ ಗೊತ್ತಿರುತ್ತದೆ, ಆದರೆ ದಿನಕ್ಕೆ ಇಪ್ಪತ್ತು ಸಲ ಬೈಸಿಕೊಳ್ಳುತ್ತಾನೆ. ಬೈಸಿಕೊಂಡು ಬೈಸಿಕೊಂಡು ಆತಂಕ ಇನ್ನೂ ಜಾಸ್ತಿ.

ನಿಮಗೆ ಬೇಕಾದದ್ದು ದಿನದ ಕ್ರಮ ಗಟ್ಟಿಯಾಗಿರುವ, ಮಗುವಿನ ಮೇಲೆ ಕೈ ಹಗುರವಾಗಿರುವ ಜಾಗ. ಟೈಂಟೇಬಲ್ ಗೋಡೆ ಮೇಲೆ ಇರಬೇಕು. ಬದಲಾದರೆ ಬೆಳಿಗ್ಗೆಯೇ ಹೇಳಬೇಕು. ಅದೇ ಹೊತ್ತಿಗೆ ನಿಂತುಕೊಂಡು ಬರೆದರೆ, ನಡುವೆ ಎದ್ದು ನೀರು ಕುಡಿದು ಬಂದರೆ ಯಾರೂ ಕಣ್ಣು ಬಿಡಬಾರದು. ಇದಕ್ಕೆ ಫೀಸು, ಬಿಲ್ಡಿಂಗು, ಬೋರ್ಡು ಯಾವುದೂ ಗ್ಯಾರಂಟಿ ಅಲ್ಲ.

ಒಂದು ವಿಷಯ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಓದು ಬರಹದ ಪರೀಕ್ಷೆ ಮಾಡಿಸಿದ್ದೀರಾ? ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಇರುತ್ತದೆ. ಓದಲು ಬಾರದ ಮಗುವಿಗೆ ಓದಿ ಹೇಳು ಅಂದರೆ ಹೊಟ್ಟೆನೋವು ಬರದೆ ಇನ್ನೇನು? ಎಂಟು ವರ್ಷ ಅಂದರೆ ಅದನ್ನು ಸರಿಯಾಗಿ ನೋಡಲು ತಕ್ಕ ವಯಸ್ಸು. ಪರೀಕ್ಷೆ ಮಾಡುವ ಸೈಕಾಲಜಿಸ್ಟ್ ರೀಹ್ಯಾಬಿಲಿಟೇಷನ್ ಕೌನ್ಸಿಲ್‌ನಲ್ಲಿ (ಆರ್‌ಸಿಐ) ನೋಂದಾಯಿತರೇ ಎಂದು ಮೊದಲು ನೋಡಿಕೊಳ್ಳಿ. ಬೆಂಗಳೂರಲ್ಲಿದ್ದೀರಿ, ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಹತ್ತಿರದಲ್ಲೇ ಇದೆ.


ಹಳೇ ಬೆಂಚು

ನಮ್ಮ ಕಾಲದಲ್ಲಿ ಇದೆಲ್ಲಾ ಇರಲಿಲ್ಲ. ಮೇಷ್ಟ್ರು ಎರಡು ಬಿಟ್ಟರೆ ಎಲ್ಲಾ ಸರಿಹೋಗುತ್ತಿತ್ತು. ಸುಮ್ನೆ ಒಂದೊಂದಕ್ಕೂ ಹೆಸರಿಟ್ಟು ಮಕ್ಕಳನ್ನು ರೋಗಿಗಳನ್ನಾಗಿ ಮಾಡುತ್ತಿದ್ದೇವೆ.


ಕಡಲ ತಡಿ, ಮಂಗಳೂರು

ಆಗಲೂ ಇತ್ತು ಸರ್, ಹೆಸರು ಬೇರೆ ಇತ್ತು. "ತಲೆಹರಟೆ", "ಮಂಗ", "ಇವನು ಉದ್ಧಾರ ಆಗಲ್ಲ". ನನಗೆ ಈಗ 27. ಎಡಿಎಚ್‌ಡಿ ಎಂದು ಗೊತ್ತಾದದ್ದು 24ಕ್ಕೆ. ಆರನೇ ಕ್ಲಾಸಲ್ಲಿ ಪುಸ್ತಕ ಮರೆತು ಬಂದದ್ದಕ್ಕೆ ನಾನು ಬೆಂಚಿನ ಮೇಲೆ ನಿಂತ ಪಿರಿಯಡ್‌ಗಳನ್ನು ಲೆಕ್ಕ ಹಾಕಿದರೆ ಒಂದು ಇಡೀ ಟರ್ಮ್ ಆಗಬಹುದು. ಅದರಿಂದ ಪುಸ್ತಕದ ನೆನಪು ಬರಲಿಲ್ಲ. ಬ್ಯಾಗಲ್ಲಿ ಎಲ್ಲಾ ಪುಸ್ತಕ ತುಂಬಿಕೊಂಡು ಹೋಗುವ ಚಟ ಬಂತು. ಇವತ್ತಿಗೂ ಮನೆ ಬಿಡುವ ಮುಂಚೆ ಬೀಗ ನಾಲ್ಕು ಸಲ ನೋಡುತ್ತೇನೆ.

ಮೂರನೇ ಮಹಡಿ ಅಕ್ಕಾ, ಒಂದೇ ಮಾತು. ಪಿಟಿ ಪಿರಿಯಡ್ ಕಿತ್ತುಕೊಂಡು ಶಿಕ್ಷೆ ಕೊಡುವ ಸ್ಕೂಲಿಗೆ ಸೇರಿಸಬೇಡಿ. ಅದೊಂದು ಪಿರಿಯಡ್ ಇದ್ದದ್ದಕ್ಕೇ ನಾನು ಉಳಿದ ಏಳನ್ನು ಸಹಿಸಿಕೊಂಡಿದ್ದು.


ಸರ್ಕಾರಿ ಮೇಷ್ಟ್ರು, ತುಮಕೂರು

ಹಳೇ ಬೆಂಚು ಅವರೇ, ಎರಡು ಬಿಟ್ಟರೆ ಈಗ ನಾನು ಮನೆಗೆ ಹೋಗಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಬೋರ್ಡಿನ ಮೇಲೆ ಬೆಳಿಗ್ಗೆಯೇ ಹೆಸರು ಬರೆದಿಡುವುದು ಎರಡನೆಯದಕ್ಕೇ ಸೇರುತ್ತದೆ ಎಂದು ನನ್ನ ಅಭಿಪ್ರಾಯ.

ತಾಯಿ, ನಿಮಗೆ ಕೆಲವು ವಿಷಯ ಗೊತ್ತಿರಲಿ. ಅದೇ ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡಲು ಅವಕಾಶ ಇದೆ, ಹೊರಗೆ ಹಾಕಲು ಈಗಲೂ ಇಲ್ಲ. ಅವರಿಗೆ ಇದು ಗೊತ್ತಿರುತ್ತದೆ. ಅದಕ್ಕೇ "ನೀವೇ ಟಿಸಿ ತಗೊಳ್ಳಿ" ಎನ್ನುತ್ತಾರೆ. ಹೊಸ ಶಾಲೆ ಗಟ್ಟಿಯಾಗುವ ತನಕ ಯಾವುದಕ್ಕೂ ಸಹಿ ಹಾಕಬೇಡಿ. ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆ ತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಸೋಸುವಂತಿಲ್ಲ, ಅದು 13ನೇ ಸೆಕ್ಷನ್. ಅಲ್ಪಸಂಖ್ಯಾತ ಆಡಳಿತದ ಶಾಲೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ, 2014ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಒಂದು ಕೊರತೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ನ್ಯೂನತೆಗಳಿವೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ಇಲ್ಲ. ಹಾಗಾಗಿ ಬರೀ ಎಡಿಎಚ್‌ಡಿ ರಿಪೋರ್ಟ್ ಹಿಡಿದುಕೊಂಡು ಹೋದರೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಸಿಗುವುದಿಲ್ಲ. ಬಣ್ಣದ ಪೆನ್ಸಿಲ್ ಮೇಡಂ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ ಎಂದರಲ್ಲ, ಅದಕ್ಕೆ ಈ ಕಾರಣವೂ ಸೇರಿಸಿಕೊಳ್ಳಿ. ಅದೂ ಇದೆ ಎಂದಾದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವುದು ಸುಲಭ.

ಇನ್ನು ನಮ್ಮ ಶಾಲೆಗಳ ವಿಚಾರ. ಸರ್ಕಾರಿ ಶಾಲೆ ಎಂದ ಕೂಡಲೇ ಪಟ್ಟಿಯಿಂದ ತೆಗೆಯಬೇಡಿ. ನನ್ನ ತರಗತಿಯಲ್ಲಿ ಈಗ 19 ಮಕ್ಕಳು. ಇಂಥ ಮಕ್ಕಳನ್ನು ನೋಡಲು ಬ್ಲಾಕಿನಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಎಷ್ಟೋ ಶಾಲೆ ಒಬ್ಬರೇ ಸುತ್ತಬೇಕು, ಹಾಗಾಗಿ ದಿನಾ ಸಿಗುವುದಿಲ್ಲ. ಆದರೂ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಒಮ್ಮೆ ಹೋಗಿ ವಿಚಾರಿಸಿ.


ಮೂರನೇ ಮಹಡಿ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ಸಹಿ ಹಾಕುವ ಮಾತು ಹೇಳಿದ್ದು ಒಳ್ಳೆಯದಾಯಿತು, ನನ್ನ ಗಂಡ ಸೋಮವಾರ ಹೋಗಿ ಬರೆದುಕೊಟ್ಟು ಬರುವವರಿದ್ದರು. ಓದಿನ ಪರೀಕ್ಷೆ ಮಾಡಿಸಿಲ್ಲ. ಅದನ್ನು ಮಾಡಿಸುತ್ತೇವೆ.

ಹೊಸ ಸ್ಕೂಲಲ್ಲಿ ಏನು ಕೇಳಬೇಕು? ನಾನು ಹೋದ ಕಡೆಯೆಲ್ಲಾ "ನಿಮ್ಮಲ್ಲಿ ಎಡಿಎಚ್‌ಡಿ ಮಕ್ಕಳಿದ್ದಾರಾ?" ಎನ್ನುತ್ತೇನೆ. "ಓ, ಬೇಕಾದಷ್ಟು!" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.


ಬಣ್ಣದ ಪೆನ್ಸಿಲ್, ಮೈಸೂರು

ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸಬಹುದಾದ ಪ್ರಶ್ನೆ ಕೇಳಲೇಬೇಡಿ. ನಾನು ತಂದೆ ತಾಯಿಯರಿಗೆ ಹೇಳಿಕೊಡುವುದು ಇದು: "ಹೋದ ತಿಂಗಳು ನಿಮ್ಮ ಕ್ಲಾಸಲ್ಲಿ ಯಾವುದಾದರೂ ಮಗು ಜೋರಾಗಿ ಅತ್ತು ರಂಪ ಮಾಡಿದ್ದು ನೆನಪಿದೆಯಾ? ಆಗ ಏನು ಮಾಡಿದಿರಿ?" ಉತ್ತರದಲ್ಲಿ ಒಂದು ಕೋಣೆ, ಒಬ್ಬ ಆಯಾ, ಒಂದು ಲೋಟ ನೀರು ಹೀಗೆ ಕಣ್ಣಿಗೆ ಕಾಣುವ ವಸ್ತುಗಳು ಬಂದರೆ ಅವರು ನಿಜವಾಗಿ ನಿಭಾಯಿಸಿದ್ದಾರೆ ಎಂದರ್ಥ. "ನಾವು ಪ್ರತಿ ಮಗುವನ್ನೂ ವಿಶೇಷವಾಗಿ ನೋಡುತ್ತೇವೆ" ಎಂದು ಶುರುಮಾಡಿದರೆ ಕಾಫಿ ಕುಡಿದು ಎದ್ದು ಬನ್ನಿ.

ಇನ್ನೊಂದು. ಕ್ಲಾಸ್ ಟೀಚರ್ ರಜೆ ಹಾಕಿದ ದಿನ ಯಾರು ಬರುತ್ತಾರೆ, ಮಕ್ಕಳಿಗೆ ಯಾವಾಗ ಗೊತ್ತಾಗುತ್ತದೆ ಎಂದು ಕೇಳಿ. ಆತಂಕದ ಮಗು ಬೀಳುವುದೇ ಆ ದಿನ. ಜೋರಾಗಿ ಓದಿಸುವುದು, ಹೇಳದೆ ಕೇಳದೆ ಟೆಸ್ಟ್ ಕೊಡುವುದು ಇದೆಯಾ ನೋಡಿ. ಸಾಧ್ಯವಾದರೆ ಊಟದ ಬೆಲ್ ಹೊತ್ತಿಗೆ ಹೋಗಿ. ಕಾರಿಡಾರಿನ ಗದ್ದಲ ಎಷ್ಟಿದೆ, ದೊಡ್ಡವರು ಮಕ್ಕಳ ಜೊತೆ ಯಾವ ಧ್ವನಿಯಲ್ಲಿ ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಪ್ರಿನ್ಸಿಪಾಲ್ ರೂಮಿನಲ್ಲಿ ಎಲ್ಲರೂ ಮೆತ್ತಗೇ ಮಾತಾಡುತ್ತಾರೆ.

ಕೊನೆಗೆ, ಪ್ರಿನ್ಸಿಪಾಲ್ ಅಲ್ಲ, ಮುಂದಿನ ವರ್ಷ ಯಾರ ಕ್ಲಾಸಲ್ಲಿ ಕೂರುತ್ತಾನೋ ಅವರನ್ನೇ ನೋಡಬೇಕು ಎಂದು ಹಟ ಹಿಡಿಯಿರಿ. ನೀವು ಹುಡುಕುತ್ತಿರುವುದು ಆ ಒಬ್ಬರನ್ನು.


ಹಿಮದ ಊರು, ನ್ಯೂಜೆರ್ಸಿ

ದಾವಣಗೆರೆಯವಳು, ಇಲ್ಲಿಗೆ ಬಂದು ಒಂಬತ್ತು ವರ್ಷ. ಮಗನಿಗೆ ಇವೇ ಎರಡೂ ಇವೆ. ಇಲ್ಲಿ ಕಾನೂನು ಗಟ್ಟಿ. 504 ಪ್ಲಾನ್ ಅನ್ನುವುದು 1973ರ ಕಾಯ್ದೆಯಿಂದ ಬಂದದ್ದು: ಮುಂದಿನ ಬೆಂಚು, ಪರೀಕ್ಷೆಗೆ ಹೆಚ್ಚು ಸಮಯ, ನಡುವೆ ಬ್ರೇಕ್, ಇಂಥವನ್ನು ಅದರಲ್ಲಿ ಬರೆದು ಕೊಡುತ್ತಾರೆ. ಪಾಠವನ್ನೇ ಬೇರೆ ರೀತಿ ಹೇಳಿಕೊಡಬೇಕು ಎಂದಿದ್ದರೆ ಐಇಪಿ, ಅಂದರೆ ಆ ಮಗುವಿಗೆಂದೇ ಮಾಡಿದ ಕಲಿಕೆಯ ಯೋಜನೆ. ಇಲ್ಲಿ ಎಡಿಎಚ್‌ಡಿಗೆ "ಇತರ ಆರೋಗ್ಯ ಸಮಸ್ಯೆ" ಎಂಬ ವಿಭಾಗದಲ್ಲಿ ಜಾಗ ಇದೆ.

ಇದನ್ನು ಹೊಗಳಿಕೊಳ್ಳಲು ಬರೆದದ್ದಲ್ಲ. ಕಾಗದ ಇದ್ದರೂ ಒಂದು ವರ್ಷ ಟೀಚರ್ ಸರಿ ಸಿಗಲಿಲ್ಲ, ಆ ವರ್ಷ ನಮಗೆ ನರಕ. ಆದರೆ ಆ ಕಾಗದದ ಐಡಿಯಾ ನೀವೂ ತೆಗೆದುಕೊಳ್ಳಿ. ಒಂದೇ ಪುಟ. ಇವನಿಗೆ ಏನು ಕಷ್ಟ, ಗಾಬರಿ ಬರುವ ಮುಂಚೆ ಏನು ಕಾಣಿಸುತ್ತದೆ (ನನ್ನ ಮಗ ಕಾಲರ್ ಕಚ್ಚುತ್ತಾನೆ), ಏನು ಮಾಡಿದರೆ ಸಮಾಧಾನ, ಏನು ಮಾಡಿದರೆ ಕೆಡುತ್ತದೆ. 20 ಪುಟದ ರಿಪೋರ್ಟನ್ನು ಯಾವ ಟೀಚರೂ ಓದಲ್ಲ. ಒಂದು ಪುಟ ಓದುತ್ತಾರೆ.


ಮನೆಯೇ ಶಾಲೆ, ಶಿರಸಿ

ಇಷ್ಟೆಲ್ಲಾ ಯಾಕೆ ಒದ್ದಾಡಬೇಕು ಅನ್ನಿಸುತ್ತದೆ ನನಗೆ. ನಾವು ಎರಡು ವರ್ಷದ ಹಿಂದೆ ಮಗಳನ್ನು ಸ್ಕೂಲು ಬಿಡಿಸಿದೆವು. ಎನ್‌ಐಓಎಸ್‌ ಮುಕ್ತ ಶಾಲೆಯಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ. 14 ತುಂಬಿದ ಮೇಲೆ ಹತ್ತನೇ ತರಗತಿಗೂ ಅಲ್ಲೇ ಕಟ್ಟಬಹುದು. ಐದು ವರ್ಷದ ಒಳಗೆ ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಹೊಟ್ಟೆನೋವು ನಿಂತಿತು.


ಬಣ್ಣದ ಪೆನ್ಸಿಲ್, ಮೈಸೂರು

ನಿಮ್ಮ ಮಗಳಿಗೆ ಒಳ್ಳೆಯದಾಗಿದ್ದರೆ ಸಂತೋಷ. ಎನ್‌ಐಓಎಸ್ ನಾನೂ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ, ಮುಖ್ಯವಾಗಿ ಎಂಟನೇ ಕ್ಲಾಸು ದಾಟಿದವರಿಗೆ. ಆದರೆ ಗಾಬರಿಯ ಮಗುವಿನ ವಿಷಯದಲ್ಲಿ ನನಗೆ ಒಂದು ಹೆದರಿಕೆ. ಸ್ಕೂಲಿಗೆ ಹೋಗದಿದ್ದ ದಿನ ಹೊಟ್ಟೆನೋವು ಹೋಗುತ್ತದೆ. "ತಪ್ಪಿಸಿಕೊಂಡರೆ ಸರಿಹೋಗುತ್ತದೆ" ಎಂದು ಮಿದುಳು ಅದನ್ನೇ ಕಲಿತುಕೊಳ್ಳುತ್ತದೆ. ಆಮೇಲೆ ಮದುವೆ ಮನೆಗೂ ಬರಲ್ಲ, ಅಂಗಡಿಗೂ ಬರಲ್ಲ. ಆತಂಕದ ಚಿಕಿತ್ಸೆ ನಡೆಯುವುದು ಹೆದರಿಕೆಯ ಹತ್ತಿರ ಸಣ್ಣ ಸಣ್ಣ ಹೆಜ್ಜೆ ಇಡಿಸುತ್ತಾ. ಸ್ಕೂಲು ಕೆಟ್ಟದಿದ್ದರೆ ಬದಲಾಯಿಸಿ. ನಡುವೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುವುದು ಬೇಡ, ಅರ್ಧ ದಿನವಾದರೂ ಹೋಗಿ ಬರಲಿ.


ಮನೆಯೇ ಶಾಲೆ, ಶಿರಸಿ

ನನ್ನ ಮಗಳು ಅಂಗಡಿಗೆ ಒಬ್ಬಳೇ ಹೋಗುತ್ತಾಳೆ ಮೇಡಂ. ಎಲ್ಲರಿಗೂ ಒಂದೇ ಅಳತೆ ಇಲ್ಲ.


ಬಣ್ಣದ ಪೆನ್ಸಿಲ್, ಮೈಸೂರು

ಒಪ್ಪಿದೆ.


ಹುಬ್ಬಳ್ಳಿ ಅಪ್ಪ

ಮಾತ್ರೆ ಬಗ್ಗೆ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ನಮ್ಮ ಮಗಳಿಗೆ ಡಾಕ್ಟರ್ ಮೀಥೈಲ್‌ಫೆನಿಡೇಟ್ ಶುರು ಮಾಡಿದರು. ನಮ್ಮವ್ವ ಮೂರು ದಿನ ಮಾತು ಬಿಟ್ಟಳು. ಕೊಡಬೇಕೋ ಬೇಡವೋ ಅದು ಡಾಕ್ಟರ್ ಮತ್ತು ನೀವು ತೀರ್ಮಾನಿಸುವುದು. ಆತಂಕವೂ ಇರುವ ಮಗುವಾದ್ದರಿಂದ ಅದನ್ನೂ ಬಿಡಿಸಿ ಕೇಳಿ. ಸ್ಕೂಲಿಗೆ ಸಂಬಂಧಪಟ್ಟದ್ದು ಇಷ್ಟೇ: ಈ ಮಾತ್ರೆಯಿಂದ ಮಧ್ಯಾಹ್ನ ಹಸಿವು ಸಾಯುತ್ತದೆ. ಡಬ್ಬಿ ತುಂಬಿದ್ದು ತುಂಬಿದ್ದ ಹಾಗೇ ವಾಪಸ್ ಬರುತ್ತಿತ್ತು. ಟೀಚರ್ "ಅನ್ನ ಚೆಲ್ಲುತ್ತಾಳೆ" ಎಂದು ಬೈದರು. ಅವರಿಗೆ ಮೊದಲೇ ಹೇಳಿಡಿ. ನಾವು ಈಗ ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ರೊಟ್ಟಿ, ಸಂಜೆ ಬಂದ ಮೇಲೆ ಗಟ್ಟಿ ಊಟ.


ಮೂರನೇ ಮಹಡಿ (ಆಗಸ್ಟ್)

ಆಮೇಲೆ ಏನಾಯಿತು ಎಂದು ಇಬ್ಬರು ಕೇಳಿದ್ದೀರಿ. ತಡವಾಯಿತು, ಕ್ಷಮಿಸಿ.

ನಿಮ್ಮ ಮಾತು ಕೇಳಿದ ಮೇಲೆ ಏಳು ಸ್ಕೂಲು ನೋಡಿದೆವು. "ಹೋದ ತಿಂಗಳು ಅತ್ತ ಮಗು" ಪ್ರಶ್ನೆಗೆ ಐದು ಕಡೆ ಭಾಷಣ ಬಂತು. ಒಂದು ಕಡೆ "ನಮ್ಮಲ್ಲಿ ಮಕ್ಕಳು ಅಳುವುದಿಲ್ಲ" ಎಂದರು! ಏಳನೆಯದು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಸ್ಟೇಟ್ ಸಿಲಬಸ್, ಹಳೇ ಕಟ್ಟಡ, ಗೇಟಿನಲ್ಲಿ ಯಾವ ಬೋರ್ಡೂ ಇಲ್ಲ. ದಿನಾ ಅದರ ಮುಂದೆಯೇ ತರಕಾರಿಗೆ ಹೋಗುತ್ತಿದ್ದೆ. ನಾಲ್ಕನೇ ಕ್ಲಾಸಿಗೆ 28 ಮಕ್ಕಳು. ಮೇಡಂಗೆ ಐವತ್ತು ದಾಟಿರಬಹುದು. ಎಡಿಎಚ್‌ಡಿ ಬಗ್ಗೆ ತನಗೆ ಜಾಸ್ತಿ ತಿಳಿಯದು ಎಂದು ಅವರೇ ಹೇಳಿದರು. ಆಮೇಲೆ, "ಹೋದ ತಿಂಗಳಲ್ಲ, ಮೊನ್ನೆಯೇ ಒಬ್ಬಳು ಅತ್ತಳು. ಗ್ರಂಥಾಲಯದ ಬೀರು ಹಿಂದೆ ಒಂದು ಚಾಪೆ ಇದೆ, ಅಲ್ಲಿ ಕೂರಿಸಿದೆ, ನೋಟ್‌ಬುಕ್‌ಗಳಿಗೆ ರಟ್ಟು ಹಾಕುವ ಕೆಲಸ ಕೊಟ್ಟೆ" ಎಂದರು. ನಾನು ನನ್ನ ಗಂಡನ ಮುಖ ನೋಡಿದೆ. ಒಂದು ಪುಟದ ಕಾಗದ ಕೊಟ್ಟೆವು. ಕನ್ನಡಕ ಹಾಕಿಕೊಂಡು ನಮ್ಮ ಮುಂದೆಯೇ ಪೂರ್ತಿ ಓದಿದರು.

ಎಲ್ಲಾ ಸರಿಹೋಯಿತು ಎಂದು ಹೇಳಲಾರೆ. ಓದಿನ ಪರೀಕ್ಷೆಯಲ್ಲಿ ಬರವಣಿಗೆಯ ತೊಂದರೆ ಇದೆ ಎಂದು ಬಂತು, ವಾರಕ್ಕೆ ಎರಡು ದಿನ ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗುತ್ತಿದ್ದಾನೆ, ಖರ್ಚು ಹಿಡಿಯುತ್ತಿದೆ. ಎರಡನೇ ವಾರದಲ್ಲಿ ಒಬ್ಬ ಹುಡುಗನ ಕಂಪಾಸ್ ಬಾಕ್ಸ್ ಕಿಟಕಿಯಿಂದ ಎಸೆದ. ನನಗೆ ಫೋನ್ ಬಂದಾಗ ಕೈ ನಡುಗಿತು, ಟಿಸಿ ಮಾತೇ ಇರಬೇಕು ಅಂದುಕೊಂಡೆ. ಮೇಡಂ ಕೇಳಿದ್ದು, "ಇವತ್ತು ಬೆಳಿಗ್ಗೆ ಮನೆಯಲ್ಲಿ ಏನಾದರೂ ಆಯ್ತಾ?" ಎಂದು. ಅತ್ತೆ ಊರಿಗೆ ಹೊರಟಿದ್ದರು, ಅವನಿಗೆ ನಾವು ಹೇಳಿರಲಿಲ್ಲ.

ಭಾನುವಾರದ ಹೊಟ್ಟೆನೋವು ಈಗಲೂ ಇದೆ, ಆದರೆ ರಾತ್ರಿ ಎಂಟಕ್ಕೆ ಬರುತ್ತದೆ, ಮಲಗಿದರೆ ಹೋಗುತ್ತದೆ. ಹೋದ ಗುರುವಾರ ಮಳೆಗೆ ಪಿಟಿ ರದ್ದಾಯಿತಂತೆ. ಅದನ್ನು ಬೆಳಿಗ್ಗೆಯೇ ಬೋರ್ಡಿನ ಮೇಲೆ ಬರೆದಿದ್ದರಂತೆ. ಬೋರ್ಡಿನ ಮೇಲೆ ಬರೆದದ್ದನ್ನು ಇವನು ಮನೆಗೆ ಬಂದು ಹೇಳಿದ್ದು ಎಷ್ಟೋ ದಿನದ ಮೇಲೆ ಇದೇ ಮೊದಲು.

ಈಗ ಇನ್ನೊಂದು ಸಮಸ್ಯೆ. ಡಿಸೆಂಬರ್‌ನಲ್ಲಿ ಸ್ಕೂಲ್ ಡೇ. ದೊಡ್ಡ ಸ್ಪೀಕರು, ಮೇಕಪ್ಪು, ಸ್ಟೇಜು. ಎಲ್ಲಾ ಮಕ್ಕಳೂ ಡ್ಯಾನ್ಸಿನಲ್ಲಿ ಇರಲೇಬೇಕಂತೆ. ಇವನು ಈಗಿನಿಂದಲೇ ಕೇಳಲು ಶುರು ಮಾಡಿದ್ದಾನೆ. ಯಾರಾದರೂ ಇದನ್ನು ದಾಟಿದ್ದೀರಾ?


ಹುಬ್ಬಳ್ಳಿ ಅಪ್ಪ

ದಾಟಿದ್ದೇವೆ ಅಕ್ಕಾರ. ನಮ್ಮ ಹುಡುಗಿ ಸರ್ ಹತ್ತಿರ ತಾನೇ ಹೋಗಿ ಸ್ಟೇಜಿನ ಪರದೆ ಎಳೆಯುವ ಕೆಲಸ ಕೇಳಿ ತಗೊಂಡಳು. ಪಕ್ಕದಲ್ಲಿ ನಿಂತು ಹಗ್ಗ ಹಿಡಿಯಬೇಕು, ಯಾವ ಐಟಂ ಆದ ಮೇಲೆ ಯಾವುದು ಎಂಬ ಪಟ್ಟಿ ಕೈಯಲ್ಲೇ ಇರುತ್ತದೆ. ಕಿವಿಗೆ ಹತ್ತಿ ಇಟ್ಟಿದ್ದೆವು. ಎರಡು ಸಲ ತಪ್ಪು ಹೊತ್ತಿಗೆ ಎಳೆದಳು, ಒಂದು ಸಲ ಮುಖ್ಯ ಅತಿಥಿ ಭಾಷಣದ ನಡುವೆ. ಜನ ಚಪ್ಪಾಳೆ ಹೊಡೆದರು.